ಬಿರುಕು ಬಿದ್ದ ಚಂದ್ರ

“ಎಲ್ಲಾ ಕೊಟ್ಟ ಮೇಲೂ ಇದೊಂದು ಯಾಕೆ ಉಳೀತು?”

ಹಾಸಿಗೆಯ ಅಂಚನ್ನು ಭುಜಕ್ಕೆ ಆನಿಸಿಕೊಂಡು ನಿಂತಿದ್ದ ಮಗಳು ಯಾರನ್ನೂ ನೋಡದೆ ಕೇಳಿದಳು. ಉತ್ತರ ಹೇಳಬೇಕಾದವನು ಮುಂದಿನ ಕೋಣೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದ. ಅವನ ತಲೆಯ ಬಳಿ ಕುಳಿತು ನೆರೆಮನೆಯ ಹಿರಿಯರು ಪದ್ಯ ಓದುತ್ತಿದ್ದರು. ಒಂದೊಂದು ಸಾಲಿನ ಕೊನೆಗೂ ಉಸಿರಿಗೆಂದು ನಿಲ್ಲುತ್ತಿದ್ದರು. ಆ ನಿಲುಗಡೆಯಲ್ಲಿ ಗೋಡೆ ಗಡಿಯಾರ ಕೇಳಿಸುತ್ತಿತ್ತು.

ಬಂದವರಿಗೆ ಕೂರಲು ಜಾಗ ಸಾಲದೆ ಒಳಕೋಣೆಯ ಮಂಚವನ್ನು ಬಿಚ್ಚಲು ಹೊರಟಿದ್ದರು. ಹಾಸಿಗೆಯಡಿ ಎರಡು ಹಲಗೆಗಳಿದ್ದವು. ನಲವತ್ತು ವರ್ಷ ಆ ಹಲಗೆಗಳ ನಡುವೆ ಪೋಸ್ಟರುಗಳಿದ್ದವು, ಹಾಳೆಗೊಂದು ಬ್ಲಾಟಿಂಗ್ ಪೇಪರ್ ಹಾಸಿಕೊಂಡು. ಚಳವಳಿಯ ವರ್ಷಗಳಲ್ಲಿ ಊರಿನ ಗೋಡೆಗಳ ಮೇಲೆ ರಾತ್ರೋರಾತ್ರಿ ಮೂಡುತ್ತಿದ್ದ ಪೋಸ್ಟರುಗಳು. ಹತ್ತು ದಿನದ ಹಿಂದೆ ಮ್ಯೂಸಿಯಂನವರು ಬಿಳಿ ಕೈಗವಸು ತೊಟ್ಟು ಬಂದು ಮುನ್ನೂರ ಹನ್ನೆರಡು ಹಾಳೆಗಳನ್ನು ಒಯ್ದಿದ್ದರು. ಹಲಗೆಗಳ ನಡುವೆ ಏನೂ ಇರಬಾರದಾಗಿತ್ತು. ಇತ್ತು: ಹಳೆಯ ಮೇಜುಬಟ್ಟೆಯಲ್ಲಿ ಸುತ್ತಿ, ಹುರಿಯಿಂದ ಕಟ್ಟಿದ ಒಂದು ತೆಳು ಕಟ್ಟು.

“ಅಂಗಾತ ಮಲಗಿದ್ರೆ ಬೆಳಗಿನ ತನಕ ಅಲ್ಲಾಡ್ತಿರಲಿಲ್ಲ ನಮ್ಮಣ್ಣ,” ಎಂದಳು ಹಾಸಿಗೆಯ ಇನ್ನೊಂದು ತುದಿ ಹಿಡಿದಿದ್ದ ಅತ್ತೆ. “ಹೊರಳಿದ್ರೆ ಹಾಳೆ ಮುದುರುತ್ತಂತೆ. ನಿಮ್ಮಮ್ಮ ಹೇಳಿ ಹೇಳಿ ಸೋತು ಹೋದ್ಲು. ಬದುಕಿದ್ದಾಗ್ಲೇ ಪೆಟ್ಟಿಗೇಲಿ ಮಲಗೋದು ಕಲ್ತಿದ್ದ. ಈಗ ಅವನಿಗೆ ಕಷ್ಟ ಆಗಲ್ಲ ಬಿಡು.”

“ಅತ್ತೆ, ಮೆಲ್ಲಗೆ.”

“ಕೇಳಿಸ್ಲಿ. ಅವನಿಗೆ ನನ್ನ ಬಾಯಿ ಹೊಸದಾ?”

ಹುರಿಯಡಿ ಒಂದು ಚೀಟಿ ಸಿಕ್ಕಿಸಿತ್ತು. ಅಪ್ಪನ ಕೈಬರಹ. ಅಪ್ಪ ಶಾಲೆಗೆ ಹೋದವನಲ್ಲ; ಅಕ್ಷರ ಕಲಿತದ್ದು ಪೋಸ್ಟರುಗಳಿಂದ. ಹಾಗಾಗಿ ಮನೆಸಾಮಾನಿನ ಪಟ್ಟಿ ಬರೆದರೂ ದಪ್ಪ ದಪ್ಪ ಅಕ್ಷರ, ದೂರಕ್ಕೆ ಕಾಣುವ ಹಾಗೆ. ಈ ಚೀಟಿಯಲ್ಲಿ ಆ ಅಕ್ಷರಗಳೂ ನಡುಗಿದ್ದವು.

‘ಇವು ಮ್ಯೂಸಿಯಂಗೆ ಅಲ್ಲ. ಕಾಗದದಂಗಡಿ ಅಕ್ಕನಿಗೆ. ಅವರು ಹೇಳಿದ ಹಾಗೆ ಮಾಡು.’

ಬಾಗಿಲಲ್ಲಿ ನಿಂತಿದ್ದ ಅಪ್ಪನ ಹಳೆಯ ಜೊತೆಗಾರ ಏಣಿ ಮಾಮ ಆ ಕಟ್ಟನ್ನು ನೋಡಿದ. ನೋಡಿದವನೇ ತಲೆಯ ಟೋಪಿ ತೆಗೆದು, ಮಡಿಸಿಟ್ಟ ಕುರ್ಚಿಗಳ ರಾಶಿಯ ಮೇಲೆ ಕೂತುಬಿಟ್ಟ.

*

ನಗರಸಭೆಯಲ್ಲಿ ಅಪ್ಪನದೂ ಏಣಿ ಮಾಮನದೂ ಒಂದೇ ಕೆಲಸ: ಅನುಮತಿಯಿಲ್ಲದೆ ಅಂಟಿಸಿದ್ದನ್ನೆಲ್ಲ ಗೋಡೆಗಳಿಂದ ಕೆರೆದು ತೆಗೆಯುವುದು. ಒಬ್ಬ ಏಣಿ ಹಿಡಿಯುತ್ತಿದ್ದ, ಅವನಿಗೆ ಏಣಿ ಎಂದೇ ಹೆಸರಾಯಿತು. ಇನ್ನೊಬ್ಬ ಏಣಿ ಹತ್ತುತ್ತಿದ್ದ, ಅವನನ್ನು ಗೋಡೆಯಣ್ಣ ಎಂದರು. ತಳ್ಳುಗಾಡಿಯಲ್ಲಿ ಏಣಿ, ಎರಡು ಬಕೀಟು, ಕೆರೆಯುವ ತಗಡು. ಬೆಳಗ್ಗೆ ಆರಕ್ಕೆ ಹೊರಟರೆ ಊರು ಎದ್ದು ಬೀದಿಗೆ ಬರುವ ಹೊತ್ತಿಗೆ ಗೋಡೆಗಳು ಮೂಕವಾಗಿರಬೇಕು. ಅದು ಮೇಸ್ತ್ರಿಯ ಅಪ್ಪಣೆ.

ಉಳಿದ ಜೋಡಿಗಳು ಒಣಗೋಡೆಯನ್ನೇ ಪರಪರ ಕೆರೆಯುತ್ತಿದ್ದವು. ಗೋಡೆಯಣ್ಣ ಮಾತ್ರ ಒಂದು ಬಕೀಟಿನಲ್ಲಿ ಬಿಸಿನೀರು ಒಯ್ಯುತ್ತಿದ್ದ. ಸ್ಪಂಜಿನಿಂದ ಮೇಲಿನಿಂದ ಕೆಳಕ್ಕೆ ಒರೆಸಿ, ಹಿಟ್ಟಿನ ಅಂಟು ನೆನೆಯುವ ತನಕ ಕಾಯುತ್ತಿದ್ದ. ಆಮೇಲೆ ಮೇಲಿನ ಮೂಲೆಯನ್ನು ಉಗುರಿನಿಂದ ಬಿಡಿಸಿ, ಮಲಗಿದ ಮಗುವಿನ ಮೈಯಿಂದ ಹೊದಿಕೆ ತೆಗೆದಂತೆ ಇಡೀ ಹಾಳೆಯನ್ನು ಇಳಿಸುತ್ತಿದ್ದ. ಹತ್ತರಲ್ಲಿ ಒಂಬತ್ತು ಹಾಳೆ ಬಕೀಟಿಗೆ ಹೋಗುತ್ತಿದ್ದವು. ಒಂದನ್ನು ಸುತ್ತಿ ಅಂಗಿಯೊಳಗೆ ಇಟ್ಟುಕೊಳ್ಳುತ್ತಿದ್ದ.

“ಇದರಲ್ಲೇನಿದೆ ಅಂತ?” ಏಣಿ ಕೇಳುತ್ತಿದ್ದ. “ಸಿಕ್ಕಿಬಿದ್ರೆ ನಿನ್ನೂ ಅವರ ಜೊತೆ ಸೇರಿಸ್ತಾರೆ.”

“ಬರೆದಿರೋದು ಬಿಡೋ. ಬಿಟ್ಟಿರೋ ಜಾಗ ನೋಡು. ಅರ್ಧ ಹಾಳೆ ಖಾಲಿ ಬಿಟ್ಟಿದ್ದಾನೆ, ಎಷ್ಟು ಧೈರ್ಯ. ಇಲ್ನೋಡು, ಹಳದಿ ಮೇಲೆ ನೀಲಿ ಒತ್ತಿ ಹಸಿರು ತೆಗೆದಿದ್ದಾನೆ. ಎರಡೇ ಶಾಯಿ, ಮೂರು ಬಣ್ಣ.”

“ನನಗೆ ಹಸಿರು ಕಂಡ್ರೆ ಹಸಿವಾಗುತ್ತೆ ಅಷ್ಟೆ.”

ಕ್ರಾಂತಿಯಾಗಲಿ ಅಂತಲೂ ಅವನಿಗಿರಲಿಲ್ಲ, ಬೇಡ ಅಂತಲೂ ಇರಲಿಲ್ಲ. ಅವನಿಗೆ ಕೈ ಕಾಣುತ್ತಿತ್ತು. ಇವನು ಅವಸರದವನು, ಇವನು ಶಾಯಿ ಜಾಸ್ತಿ ಹಾಕುವವನು, ಇವನಿಗೆ ಮುಖ ಬರೆಯಲು ಬಾರದು ಅದಕ್ಕೆ ಬೆನ್ನು ಬರೆಯುತ್ತಾನೆ. ಹೆಸರಿಲ್ಲದ ಹಾಳೆಗಳಲ್ಲಿ ಅವನು ಜನರನ್ನು ಗುರುತಿಸುತ್ತಿದ್ದ.

*

ಹನ್ನೊಂದು ಗಂಟೆಗೆ ಮ್ಯೂಸಿಯಂನ ಮೇಡಂ ಬಂದರು. ಕಪ್ಪು ಸೀರೆ, ಕೈಯಲ್ಲಿ ಬಿಳಿ ಹೂಗಳು. ಪೆಟ್ಟಿಗೆಯ ಮುಂದೆ ತುಂಬಾ ಹೊತ್ತು ನಿಂತರು. ಅವರ ಕಣ್ಣು ತೇವವಾದದ್ದನ್ನು ಕಂಡು ಅತ್ತೆ ಅಣ್ಣನ ಮಗಳ ಮೊಣಕೈ ಚಿವುಟಿದಳು.

ಮನೆ ತುಂಬ ಜನ. ಎರಡು ತಿಂಗಳ ಹಿಂದಾಗಿದ್ದರೆ ಇಷ್ಟು ಜನ ಬರುತ್ತಿರಲಿಲ್ಲ. ಹೋದ ತಿಂಗಳು ಪತ್ರಿಕೆಯಲ್ಲಿ ಅಪ್ಪನ ಚಿತ್ರ ಬಂತು, ಮೇಲೆ ದೊಡ್ಡದಾಗಿ ‘ಕೆರೆಯಬೇಕಾದವನೇ ಕಾಪಾಡಿದ’ ಅಂತ. ಬೇರೆಲ್ಲಿಯೂ ಉಳಿಯದ ಪೋಸ್ಟರುಗಳು ಒಬ್ಬ ನಗರಸಭೆ ಕೂಲಿಯ ಹಾಸಿಗೆಯಡಿ ಉಳಿದಿವೆ, ಅದೂ ಒಂದು ಸುಕ್ಕಿಲ್ಲದೆ. ಅಂದಿನಿಂದ ಬೀದಿಯವರು ಅಪ್ಪನಿಗೆ ಎದ್ದುನಿಂತು ನಮಸ್ಕಾರ ಹೇಳತೊಡಗಿದರು. ಶಾಲೆಯಲ್ಲಿ ಮಗಳನ್ನು ‘ಅಂಟು’ ಎಂದು ಕರೆದು, ಅವಳ ಪಕ್ಕ ಕೂತರೆ ಅಂಟಿಕೊಳ್ಳುತ್ತದೆಂದು ದೂರ ಸರಿಯುತ್ತಿದ್ದ ಗೆಳತಿ, ಈಗ ಮೂವರು ಮೊಮ್ಮಕ್ಕಳ ಅಜ್ಜಿ, ಆ ಪತ್ರಿಕೆಯ ತುಂಡನ್ನು ಕತ್ತರಿಸಿ ತಂದು ಕೊಟ್ಟಿದ್ದಳು. ಮಗಳು ಅದನ್ನು ಹೊಲಿಗೆ ಯಂತ್ರದ ಎದುರು ಅಂಟಿಸಿಕೊಂಡಿದ್ದಳು. ಸಮವಸ್ತ್ರಗಳ ಕಾಲರು ಹೊಲಿಯುತ್ತ ತಲೆಯೆತ್ತಿದಾಗಲೆಲ್ಲ ಅಪ್ಪ ಕಾಣುತ್ತಿದ್ದ.

“ಮುಂದಿನ ವಾರ ಉದ್ಘಾಟನೆ. ಅವರೇ ರಿಬ್ಬನ್ ಕತ್ತರಿಸ್ಬೇಕಿತ್ತು,” ಎಂದರು ಮೇಡಂ. “ಒಳಗೆ ಬಂದ ಕೂಡ್ಲೇ ಕಾಣೋ ಹಾಗೆ ಅವರ ಫೋಟೋ ಹಾಕ್ತಿದ್ದೀವಿ. ಆಳೆತ್ತರದ್ದು.”

“ನೋಡಿದ್ಯಾ? ಆಳೆತ್ತರ,” ಎಂದಳು ಅತ್ತೆ. “ಮನೇಲಿ ಪಾಸ್‌ಪೋರ್ಟ್ ಸೈಜಿಗಿಂತ ದೊಡ್ಡದು ಒಂದಿಲ್ಲ.”

ಆಗ ಮೇಡಂ ಕಣ್ಣು ಒಳಕೋಣೆಯ ಹಲಗೆಯ ಮೇಲೆ ಬಿತ್ತು. ಮೇಜುಬಟ್ಟೆ ಬಿಚ್ಚಿಕೊಂಡಿತ್ತು. ಅವರು ಹೂವಿನ ಕಾಗದ ಕೈಯಲ್ಲಿ ಹಿಡಿದುಕೊಂಡೇ ಬಗ್ಗಿದರು. ಹತ್ತು ಪೋಸ್ಟರುಗಳು, ಜೊತೆಗೊಂದು ಸಣ್ಣ ಕರಪತ್ರ.

ಒಂದರಲ್ಲಿ ಕೆಂಪು ಸೂರ್ಯ ಗದ್ದೆಯಿಂದ ಏಳುತ್ತಿದ್ದ. ಇನ್ನೊಂದರಲ್ಲಿ ಅದೇ ವೃತ್ತ ಗಾಡಿಯ ಚಕ್ರ. ಮತ್ತೊಂದರಲ್ಲಿ ತಟ್ಟೆಯ ಮೇಲಿನ ರೊಟ್ಟಿ, ಮತ್ತೊಂದರಲ್ಲಿ ಕಂಬಿಗಳ ಹಿಂದಿನ ತಲೆ. ಒಂದೇ ದುಂಡು ಮರದ ಅಚ್ಚನ್ನು ಹತ್ತು ಸಲ ಹತ್ತು ಬಗೆಯಲ್ಲಿ ಒತ್ತಿದ್ದ ಯಾರೋ. ಹತ್ತರಲ್ಲೂ ವೃತ್ತದ ಬಲಭಾಗದಲ್ಲಿ, ಮೇಲಿನಿಂದ ಕೆಳಕ್ಕೆ, ತುಸು ಬಾಗಿದ ಒಂದು ಬಿಳಿ ಗೆರೆ. ಹಣ್ಣಾದ ಕೂದಲೊಂದು ಬಿದ್ದಂತೆ.

“ಇವು,” ಎಂದು ಮೇಡಂ ಕೂತುಬಿಟ್ಟರು. “ಇವನದು ಒಂದೇ ಒಂದು ನೋಡಿದ್ದೆ, ಅದೂ ಅರ್ಧ ಹರಿದದ್ದು. ಇವನ ಹೆಸರೂ ಯಾರಿಗೂ ಗೊತ್ತಿಲ್ಲ. ಆ ಕಾಲದಲ್ಲಿ ಇವನಷ್ಟು ಚೆನ್ನಾಗಿ ಯಾರೂ ಮಾಡಿಲ್ಲ. ಇವುಗಳನ್ನ ಯಾಕೆ ನಮಗೆ ಕೊಡಲಿಲ್ಲ ಅವರು?”

ಮಗಳು ಚೀಟಿಯನ್ನು ಮುಷ್ಟಿಯೊಳಗೆ ಮಡಿಸಿಕೊಂಡಳು. “ನೋಡೋಣ ಮೇಡಂ. ಮಣ್ಣಾಗ್ಲಿ ಮೊದ್ಲು.”

ಮೇಡಂ ಮುಂದಿನ ಕೋಣೆಗೆ ಹೋದ ಮೇಲೆ ಅವಳು ಏಣಿ ಮಾಮನ ಎದುರು ನಿಂತಳು.

“ಮಾಮ, ನಿಮಗೆ ಗೊತ್ತು.”

“ಅವನು ಹೇಳ್ಬೇಡ ಅಂದಿದ್ದ ಮಗಾ.”

“ಅವನು ಇನ್ನು ನಿಮ್ಮನ್ನ ಕೇಳಕ್ಕೆ ಬರಲ್ಲ. ಮಧ್ಯಾಹ್ನ ಆ ಬೀದೀಲೇ ಹೋಗ್ಬೇಕು ನಾವು. ಆ ಅಕ್ಕನ ಕೈಗೆ ಏನು ಅಂತ ಕೊಡ್ಲಿ ನಾನು?”

ಏಣಿ ಮಾಮ ಟೋಪಿಯನ್ನು ಒಳಗೆ ಹೊರಗೆ ಮಾಡಿದ. ಮುಂದಿನ ಕೋಣೆಯಲ್ಲಿ ಓದು ಒಂದು ಸಾಲಿನ ಕೊನೆಗೆ ಬಂದು ನಿಂತಿತು.

“ಆ ಅಂಗಡಿಗೆ ನಿಮ್ಮಪ್ಪ ಒಂದು ದಿನಾನಾದ್ರೂ ತಾನೇ ಹೋಗಿದ್ದು ನೋಡಿದ್ಯಾ?” ಎಂದ. “ಬ್ಲಾಟಿಂಗ್ ಪೇಪರ್ ಬೇಕಾದಾಗಲೆಲ್ಲ ನಿನ್ನೇ ಕಳಿಸ್ತಿದ್ದ.”

ಅವಳಿಗೆ ನೆನಪಿತ್ತು. ಎಂಟು ವರ್ಷದವಳಿದ್ದಾಗಿನಿಂದ. ಅಂಗಡಿಯ ಅಕ್ಕ ಹಾಳೆಗಳನ್ನು ಸುರುಳಿ ಸುತ್ತಿ, ಹುರಿ ಕಟ್ಟಿ, ಮೇಲೊಂದು ಪೆನ್ಸಿಲ್ಲು ಸಿಕ್ಕಿಸಿ ಕೊಡುತ್ತಿದ್ದಳು, ನಿನಗೆ ಅಂತ. ಅಪ್ಪ ಆ ಪೆನ್ಸಿಲ್ಲನ್ನು ಮಾತ್ರ ಮನೆಯಲ್ಲಿ ಬಳಸಲು ಬಿಡುತ್ತಿರಲಿಲ್ಲ. ಯಾಕೆಂದು ಅವಳು ಆಗ ಅತ್ತಿದ್ದಳು.

*

ನಲವತ್ತೊಂದು ವರ್ಷದ ಹಿಂದೆ, ಊಟದ ಬಿಡುವಿನಲ್ಲಿ, ನಗರಸಭೆಯ ಶೆಡ್ಡಿನ ನೆಲದ ಮೇಲೆ ಗೋಡೆಯಣ್ಣ ಪೋಸ್ಟರುಗಳನ್ನು ಹರಡಿದ. ಪಕ್ಕದಲ್ಲಿ ಒಂದು ನಾಟಕದ ಕರಪತ್ರ ಇಟ್ಟ. ಹಿಂದಿನ ಸಂಜೆ ಬೀದಿಯಲ್ಲಿ ಯಾರೋ ಕೈಗೆ ತುರುಕಿದ್ದು. ಮರದ ಮೇಲೆ ಚಂದ್ರ, ಕೆಳಗೆ ನಾಯಕ ನಾಯಕಿ. ಚಂದ್ರನ ಬಲಕೆನ್ನೆಯ ಮೇಲೆ ಬಿಳಿ ಗೆರೆ.

ರಾತ್ರಿಯಿಡೀ ಅವನಿಗೆ ನಿದ್ದೆ ಬಂದಿರಲಿಲ್ಲ. ಅದು ಭಯದ್ದಲ್ಲ, ಸಂತೋಷದ್ದು. ಯಾರಿಗಾದರೂ ತೋರಿಸಬೇಕಿತ್ತು. ಏಣಿಗೆ ತೋರಿಸಿದರೆ “ಚಂದ್ರನೂ ದುಂಡಗೆ, ಸೂರ್ಯನೂ ದುಂಡಗೆ, ಅದರಲ್ಲೇನು” ಅಂದ. ಅಷ್ಟರಲ್ಲಿ ಮೇಸ್ತ್ರಿ ಹಲ್ಲು ಚುಚ್ಚಿಕೊಳ್ಳುತ್ತ ಬಂದ.

“ಏನಯ್ಯ ಇದು, ಸಂತೆ?”

“ಯಜಮಾನ್ರೇ, ನೋಡಿ ಇಲ್ಲಿ. ಇದು ಸೂರ್ಯ, ಇದು ಚಕ್ರ, ಇದು ರೊಟ್ಟಿ. ಅಚ್ಚು ಒಂದೇ. ಮರ ಒಣಗಿ ಬಿರುಕು ಬಿಟ್ಟಿದೆ, ಅಲ್ಲಿ ಶಾಯಿ ಹತ್ತಲ್ಲ, ಅದಕ್ಕೆ ಬೆಳ್ಳಗೆ ಬಿಡುತ್ತೆ. ಈಗ ಈ ಚಂದ್ರನ್ನ ನೋಡಿ. ಅದೇ ಬಿರುಕು. ಎಲ್ಲಾ ಒಬ್ಬನದೇ ಕೈ ಯಜಮಾನ್ರೇ. ಎಂಥಾ ಕೈ ನೋಡಿ.”

ಮೇಸ್ತ್ರಿ ಕುಕ್ಕರುಗಾಲಲ್ಲಿ ಕೂತು ನೋಡಿದ. ಅವನು ಕೆಟ್ಟವನಲ್ಲ, ಮೇಲಿನವರು ಕೇಳಿದ್ದಕ್ಕೆ ಉತ್ತರ ಹೇಳುವವನು. ಕರಪತ್ರವನ್ನು ಎತ್ತಿ ತಿರುಗಿಸಿದ. ಕೆಳಗಿನ ಅಂಚಿನಲ್ಲಿ, ಇರುವೆ ಸಾಲಿನಷ್ಟು ಸಣ್ಣದಾಗಿ, ಅಚ್ಚು ಹಾಕಿದ ಪ್ರೆಸ್ಸಿನ ಹೆಸರು, ಬೀದಿ.

“ನಿನಗೆ ಕಣ್ಣಿದೆ ಕಣಯ್ಯ,” ಎಂದು ಬೆನ್ನು ತಟ್ಟಿದ. “ಇದನ್ನೂ ಇದನ್ನೂ ನಾನು ಒಯ್ತೀನಿ.”

ಒಂದು ಪೋಸ್ಟರು, ಆ ಕರಪತ್ರ. ಗೋಡೆಯಣ್ಣ ಕೊಟ್ಟ. ಕರಪತ್ರ ಬೇಕಾದರೆ ಇನ್ನೊಂದು ಸಿಗುತ್ತದೆ ಎಂದುಕೊಂಡ. ಹುಟ್ಟಿದಾರಭ್ಯ ಅವನಿಗೆ ಯಾರೂ ಕಣ್ಣಿದೆ ಎಂದು ಹೇಳಿರಲಿಲ್ಲ. ಆ ದಿನ ಏಣಿಯ ಮೇಲೆ ನಿಂತು ಸಿಳ್ಳೆ ಹಾಕಿದ.

ನಾಲ್ಕನೆಯ ದಿನ ಅವರಿಬ್ಬರನ್ನು ಹೊಸ ಕೆಲಸಕ್ಕೆ ಕಳಿಸಿದರು: ಮುಚ್ಚಿಸಿದ ಒಂದು ಪ್ರೆಸ್ಸಿನ ಮುಂಗೋಡೆಯಿಂದ ಅದರ ಹೆಸರು ಕೆರೆಯಬೇಕು. ಬಾಗಿಲಿಗೆ ಸರ್ಕಾರದ ಬೀಗ. ಒಡೆದ ಕಿಟಕಿಯೊಳಗೆ ಚೆಲ್ಲಿದ ಅಚ್ಚಿನಮೊಳೆಗಳು. ಮೆಟ್ಟಿಲ ಮೇಲೆ ಹತ್ತೊಂಬತ್ತರ ಹುಡುಗಿಯೊಬ್ಬಳು ಕೂತಿದ್ದಳು, ಎದ್ದು ಹೋಗಲು ಬೇರೆ ಜಾಗವಿಲ್ಲದವಳಂತೆ.

“ನೀವು ಆಫೀಸಿನವರಾ?” ಎಂದು ಏಣಿಯ ಮೇಲಿದ್ದವನನ್ನು ಕೇಳಿದಳು. “ನಮ್ಮಣ್ಣನ್ನ ಎಲ್ಲಿಟ್ಟಿದ್ದಾರೆ, ನಿಮಗೇನಾದ್ರೂ ಗೊತ್ತಾ?”

ಗೋಡೆಯಣ್ಣ ಇಳಿದು ಬಂದ. ಕೈಯಲ್ಲಿದ್ದ ತಗಡನ್ನು ಬಕೀಟಿಗೆ ಹಾಕಿದ. ಉಳಿದ ಅಕ್ಷರಗಳನ್ನು ಅಂದು ಏಣಿ ಕೆರೆದ, ಗೋಡೆಯಣ್ಣ ಕೆಳಗೆ ನಿಂತು ಏಣಿ ಹಿಡಿದ. ಅದೊಂದೇ ದಿನ.

ಆ ಅಣ್ಣ ಮರಳಿ ಬರಲಿಲ್ಲ. ದೇಹವನ್ನೂ ಕೊಡಲಿಲ್ಲ. ಆ ಹುಡುಗಿ ಆಮೇಲೆ ಪೇಟೆಬೀದಿಯಲ್ಲಿ ಕಾಗದದಂಗಡಿ ಇಟ್ಟಳು.

*

“ಹಾಗಾದ್ರೆ ಅಪ್ಪನೇ,” ಎಂದಳು ಮಗಳು.

“ಬೇಕೂಂತ ಅಲ್ಲ ಮಗಾ. ಅವನಿಗೆ ಚಂದ್ರ ಕಂಡಿತ್ತು ಅಷ್ಟೆ. ಕೆಳಗೆ ಬರೆದಿದ್ದ ವಿಳಾಸ ಕಂಡಿರಲಿಲ್ಲ.”

ಮೂರು ಗಂಟೆಗೆ ಪೆಟ್ಟಿಗೆ ಎತ್ತಿದರು. ಓಣಿಯೊಳಗೆ ಗಾಡಿ ಬರುವಂತಿರಲಿಲ್ಲ. ಏಣಿ ಮಾಮ ನಗರಸಭೆಯ ಹಳೆಯ ತಳ್ಳುಗಾಡಿಯನ್ನು ತೊಳೆದು ತಂದಿದ್ದ. “ಬಕೀಟು ಇಡೋ ಗಾಡೀಲಿ ನನ್ನಣ್ಣನ್ನ ಒಯ್ತೀರಾ?” ಎಂದು ಅತ್ತೆ ಬಾಯಿ ತೆರೆದವಳು, ಹಲಗೆಯ ಮೇಲೆ ಪೆಟ್ಟಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತದ್ದನ್ನು ನೋಡಿ ಸೆರಗಿನಿಂದ ಹಲಗೆಯ ಅಂಚು ಒರೆಸಿದಳು.

ಹಿರಿಯರು ಮುಂದೆ, ಬಾಯಲ್ಲೇ ಪದ್ಯ. ಹಿಂದೆ ಜನ. ಮಗಳು ಕಟ್ಟನ್ನು ಎದೆಗೆ ಅವುಚಿಕೊಂಡಿದ್ದಳು. ಮೇಡಂ ಅವಳ ಪಕ್ಕದಲ್ಲೇ ನಡೆಯುತ್ತ ಒಂದೆರಡು ಸಲ ಕಟ್ಟಿನ ಕಡೆ ನೋಡಿದರು, ಕೇಳಲಿಲ್ಲ. ಪೇಟೆಬೀದಿಯಲ್ಲಿ ಅಂಗಡಿಯವರು ಒಬ್ಬೊಬ್ಬರಾಗಿ ಶಟರನ್ನು ಅರ್ಧಕ್ಕೆ ಎಳೆದು ಹೊರಗೆ ನಿಂತರು. ಬೀಗದವನು, ಕನ್ನಡಕದವನು, ಚಪ್ಪಲಿ ಹೊಲಿಯುವವನೂ. ಜೀವಮಾನವಿಡೀ ಈ ಬೀದಿಯ ಗೋಡೆಗೆ ಮುಖ ಮಾಡಿ ನಿಂತವನಿಗೆ ಇಡೀ ಬೀದಿ ಇಂದು ಮುಖ ಮಾಡಿ ನಿಂತಿತ್ತು. ಅದನ್ನು ನೋಡಿ ಮಗಳಿಗೆ ಆ ದಿನ ಮೊದಲ ಬಾರಿ ಅಳು ಬಂತು.

ಕಾಗದದಂಗಡಿಯ ಶಟರು ಮಾತ್ರ ಪೂರ್ತಿ ಮೇಲಿತ್ತು. ಒಳಗೆ ದೀಪ ಉರಿಯುತ್ತಿತ್ತು.

“ಸ್ವಲ್ಪ ನಿಲ್ಸಿ ಮಾಮ,” ಎಂದು ಅವಳು ಬೀದಿ ದಾಟಿದಳು.

ಅಂಗಡಿಯ ಅಕ್ಕನಿಗೆ ಈಗ ಅರವತ್ತು. ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಹುರಿಯ ಉಂಡೆ. ಮಗಳು ಕಟ್ಟನ್ನು ಮೇಜಿನ ಮೇಲಿಟ್ಟು ಚೀಟಿ ತೋರಿಸಿದಳು. ಅಕ್ಕ ಓದಿ, ಮಡಿಸಿ, ಪಕ್ಕಕ್ಕಿಟ್ಟಳು. ಮೇಜುಬಟ್ಟೆ ಬಿಚ್ಚಿದಳು. ಒಂದೊಂದೇ ಹಾಳೆ ತಿರುವಿದಳು: ಸೂರ್ಯ, ಚಕ್ರ, ರೊಟ್ಟಿ, ತಲೆ. ಕೊನೆಗೆ ಕರಪತ್ರ. ಚಂದ್ರನ ಮೇಲಿನ ಬಿಳಿ ಗೆರೆಯುದ್ದಕ್ಕೂ ಹೆಬ್ಬೆರಳನ್ನು ಮೆಲ್ಲಗೆ ಎಳೆದಳು, ಬಿದ್ದ ಕೂದಲನ್ನು ಸರಿಸುವವಳ ಹಾಗೆ. ಗೆರೆ ಅಲ್ಲೇ ಇತ್ತು.

“ಈ ಅಚ್ಚನ್ನ ಬಿಸಿಲಿಗಿಟ್ಟು ಮರೆತವಳು ನಾನೇ,” ಎಂದಳು. “ಬಿರುಕು ಬಿಟ್ಟಿದ್ದಕ್ಕೆ ಅಣ್ಣ ಬೈಲಿಲ್ಲ. ಇರ್ಲಿ ಬಿಡು, ನನ್ನ ಸಹಿ ಅಂತ ಆಗುತ್ತೆ ಅಂದ.”

“ಅಕ್ಕ, ನನಗೆ ಇವತ್ತೇ ಗೊತ್ತಾಗಿದ್ದು.”

“ನನಗೆ ಹೋದ ತಿಂಗಳು. ಪೇಪರಲ್ಲಿ ಬಂತಲ್ಲ, ಅದರ ಮಾರನೇ ದಿನ ಬಂದಿದ್ರು ನಿಮ್ಮಪ್ಪ. ನೀನು ನಿಂತಿದ್ದೀಯಲ್ಲ, ಅಲ್ಲೇ. ಎಲ್ಲಾ ಹೇಳಿದ್ರು. ಕಾಲು ಹಿಡಿಯಕ್ಕೆ ಬಗ್ಗಿದ್ರು, ನಾನು ಬಿಡಲಿಲ್ಲ.”

“ಇವನ್ನ ಇಟ್ಕೊಳಿ. ನಿಮ್ಮವು.”

“ನಾನೇನು ಮಾಡ್ಲಿ? ಮಂಚದಡಿ ಇಟ್ಟು ಮಲಗ್ಲಾ?” ಅಕ್ಕ ಹಾಳೆಗಳನ್ನು ಅಂಚಿಗೆ ಅಂಚು ಸೇರಿಸಿ ತಟ್ಟಿದಳು. “ಅಣ್ಣ ಮಾಡಿದ್ದು ಗೋಡೆ ಮೇಲೆ ಇರ್ಲಿ ಅಂತ. ಗೋಡೆಗೇ ಹೋಗ್ಲಿ. ಮ್ಯೂಸಿಯಂಗೆ ಕೊಡು. ನಿಮ್ಮಪ್ಪನ ಹತ್ರ ಒಂದೇ ಕೇಳಿದ್ದೆ, ಆಯ್ತು ಅಂದಿದ್ರು. ಅಷ್ಟರಲ್ಲಿ ಮಲಗಿಬಿಟ್ರು. ಕೆಳಗೆ ಬರೆಸ್ಬೇಕು, ಇದು ಮಾಡಿದವನ ಹೆಸರು. ಅವನು ಹೇಗೆ ಹೋದ, ಯಾರ ಕಣ್ಣಿಂದ ಸಿಕ್ಕಿಬಿದ್ದ ಅನ್ನೋದು. ಕೆಟ್ಟದಾಗಿ ಬೇಡ. ಆದ ಹಾಗೆ.”

ಮಗಳು ತಿರುಗಿ ನೋಡಿದಳು. ಬೀದಿಯ ನಡುವೆ ತಳ್ಳುಗಾಡಿ ನಿಂತಿತ್ತು. ಏಣಿ ಮಾಮ ಅದರ ಹಿಡಿಯನ್ನು ಎರಡೂ ಕೈಯಿಂದ ಹಿಡಿದಿದ್ದ, ಮೇಲೆ ಯಾರೋ ಹತ್ತಿ ನಿಂತಿರುವಂತೆ. ಅರ್ಧ ಎಳೆದ ಶಟರುಗಳ ಮುಂದೆ ಜನ ಕೈಕಟ್ಟಿ ನಿಂತಿದ್ದರು. ಬೀಗದವನು ತಲೆ ಬಾಗಿಸಿದ್ದ. ಅತ್ತೆ ಮೇಡಂಗೆ ಏನೋ ಹೇಳುತ್ತ ಕೈಯನ್ನು ತನ್ನ ತಲೆಗಿಂತ ಮೇಲೆ ಎತ್ತಿ ತೋರಿಸುತ್ತಿದ್ದಳು: ಆಳೆತ್ತರ.

“ನಿಮ್ಮಣ್ಣನ ಹೆಸರು ಬರೆಸ್ತೀನಿ ಅಕ್ಕ,” ಎಂದಳು. “ಎಷ್ಟು ದೊಡ್ಡದಾಗಿ ಬೇಕೋ ಅಷ್ಟು ದೊಡ್ಡದಾಗಿ. ಅವರನ್ನ ಹಿಡ್ಕೊಂಡು ಹೋಗಿದ್ದೂ ಬರೆಸ್ತೀನಿ.”

“ಅದು ಅರ್ಧ.”

“ಅಪ್ಪ ಈಗ ಇಲ್ಲ.”

“ಅಣ್ಣನೂ ಇಲ್ಲ. ಅವನಿಗೆ ಈ ಬೀದೀಲಿ ಯಾರೂ ಶಟರು ಎಳೀಲಿಲ್ಲ.” ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ದನಿ ಏರಿರಲಿಲ್ಲ. “ನಿಮ್ಮಪ್ಪನೇ ಒಪ್ಪಿದ್ರು ಕಣೇ. ತಮ್ಮ ಕೈಯಾರೆ ಬರೆದು ಕೊಟ್ಟಿದ್ದಾರಲ್ಲ, ನಾನು ಹೇಳಿದ ಹಾಗೆ ಮಾಡು ಅಂತ. ಇಷ್ಟು ವರ್ಷದಲ್ಲಿ ನಿನ್ನ ಹತ್ರ ನಾನು ಏನಾದ್ರೂ ಕೇಳಿದ್ದೀನಾ? ಇದೊಂದು ಬರೆಸು.”

ಹೊರಗೆ ಹಿರಿಯರ ಓದು ಸಾಲಿನ ಕೊನೆಗೆ ಬಂದು ನಿಂತಿತ್ತು. ಮುಂದಿನ ಸಾಲು ಇನ್ನೂ ಶುರುವಾಗಿರಲಿಲ್ಲ. ಮಗಳು ಮೇಜಿನ ಮೇಲಿದ್ದ ಚೀಟಿಯನ್ನು ತೆಗೆದುಕೊಂಡಳು. ದೂರಕ್ಕೆ ಕಾಣುವ ಹಾಗೆ ಬರೆದ ಅಕ್ಷರಗಳನ್ನು ಒಳಮಡಿಕೆಗೆ ಹಾಕಿ, ಮತ್ತೊಂದು ಸಲ ಮಡಿಸಿ, ಇನ್ನೂ ಒಂದು ಸಲ ಮಡಿಸಿ, ಉಗುರಿನಷ್ಟಾದ ಮೇಲೆ ರವಿಕೆಯೊಳಗೆ ಸೇರಿಸಿದಳು.

“ಇಲ್ಲ,” ಎಂದಳು. “ಬರೆಸಲ್ಲ.”